ಸೂರ್ಯಕಾಂತಿ ಹೊಲದಲ್ಲಿ ಜೇನಿನ ಹೊತ್ತು, ಕೂಲಿಯ ಹೊತ್ತು

ಸೂರ್ಯಕಾಂತಿಯ ತೆನೆ ಒಂದೇ ಹೂವಲ್ಲ, ನೂರಾರು ಪುಟ್ಟ ಹೂಗಳು ನೆರೆದ ಸಂತೆ. ಸುತ್ತಲಿನ ಹಳದಿ ಎಸಳುಗಳು ಜೇನನ್ನು ಕರೆಯುವುದಕ್ಕಷ್ಟೇ, ಅಲ್ಲಿ ಕಾಳು ಕಟ್ಟುವುದಿಲ್ಲ. ಕಾಳಾಗುವ ಹೂಗಳು ಅಂಚಿನಿಂದ ನಡುವಿನತ್ತ ಸುತ್ತು ಸುತ್ತಾಗಿ ಅರಳುತ್ತಾ ವಾರ, ಹತ್ತು ದಿನ ತೆಗೆದುಕೊಳ್ಳುತ್ತವೆ. ಹತ್ತಿರದಿಂದ ನೋಡಿದರೆ ಒಂದು ಸುತ್ತು ಪರಾಗ ಉದುರಿಸುತ್ತಿರುತ್ತದೆ. ಹಿಂದಿನ ದಿನ ಅರಳಿದ ಅದರ ಹೊರಸುತ್ತಿನಲ್ಲಿ ಶಲಾಕೆಯ ತುದಿ ಎರಡಾಗಿ ಸೀಳಿ ಪರಾಗಕ್ಕೆ ಕಾಯುತ್ತಿರುತ್ತದೆ. ಬುಡದ ಮಕರಂದಕ್ಕೆ ತಲೆ ತೂರಿಸಿದ ಜೇನುಹುಳು ಮೈತುಂಬ ಪುಡಿ ಮೆತ್ತಿಕೊಂಡು ಮುಂದಿನ ಗಿಡಕ್ಕೆ ಹಾರುತ್ತದೆ. ಅದು ಬಾರದ ಹೊಲದಲ್ಲಿ ಜಳ್ಳು ಜಾಸ್ತಿ. ಎಕರೆಗೆ ಎರಡು ಜೇನುಪೆಟ್ಟಿಗೆ ಇಡಿ ಎಂದು ಕೃಷಿ ತಜ್ಞರು ಹೇಳುವುದು ಇದಕ್ಕೇ. ಹೈಬ್ರಿಡ್ ಬೀಜ ತಯಾರಿಸುವ ಹೊಲದಲ್ಲಂತೂ ಹೆಣ್ಣು ಸಾಲಿಗೆ ಸ್ವಂತ ಪರಾಗವೇ ಇಲ್ಲ; ಜೇನು ಬರಬೇಕು, ಇಲ್ಲವೇ ಬೆಳಗ್ಗೆ ಬಟ್ಟೆಯಿಂದ ಒಂದೊಂದೇ ತೆನೆ ಉಜ್ಜುತ್ತಾ ಹೋಗಬೇಕು.

ಜೇನನ್ನೇ ನಂಬಿದ ಈ ಬೆಳೆಗೆ 1997ರಲ್ಲಿ ಬಾಗೇಪಲ್ಲಿ ಕಡೆ ನೆಕ್ರೋಸಿಸ್ ರೋಗ ಬಿತ್ತು. ಅದರ ನಂಜಾಣು ಪರಾಗದ ಜೊತೆ ಸಾಗುತ್ತದೆ, ಗಿಡದೊಳಗೆ ಸೇರಿಸುವುದು ಥ್ರಿಪ್ಸ್ ಎಂಬ ನುಸಿಯಂಥ ಕೀಟ. ಥ್ರಿಪ್ಸ್ ತಡೆಯಲು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಬಂತು, ಬೀಜೋಪಚಾರಕ್ಕೂ ಸಿಂಪರಣೆಗೂ. ಇದು ಗಿಡದ ರಸದಲ್ಲಿ ಬೆರೆತು ಮಕರಂದ, ಪರಾಗದವರೆಗೂ ಹೋಗುತ್ತದೆ. ಬೀಜಕ್ಕೆ ಸವರಿದ್ದು ಹೂವಿನ ಹೊತ್ತಿಗೆ ತೀರಾ ತೆಳುವಾಗಿರುತ್ತದೆ. ಹೂ ಬಿಟ್ಟ ಮೇಲೆ ಹೊಡೆದದ್ದು ಹಾಗಲ್ಲ. ಒಂದು ಜೇನುಹುಳು ಸಾಯಲು ಕೆಲವೇ ನ್ಯಾನೋಗ್ರಾಂ ಸಾಕು. ಅದಕ್ಕೂ ಕಡಿಮೆಯಾದರೆ ಸಾಯುವುದಿಲ್ಲ, ಗೂಡಿನ ದಾರಿ ತಪ್ಪುತ್ತದೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಬಯಲು ಬೆಳೆಗಳಿಗೆ ಇದರ ಬಳಕೆ ನಿಲ್ಲಿಸಿತು.

ಹೂವಿಲ್ಲದಾಗ ಹೊಡೆದರೆ ಜೇನಿಗೇನು ಭಯ ಅನ್ನುವವರು ಹತ್ತಿಯ ಎಲೆ ಮಗುಚಿ ನೋಡಬೇಕು. ನಡುನರದ ಮೇಲೆ ಒಂದು ಪುಟ್ಟ ಗುಳಿ, ಅದರಲ್ಲಿ ಸಿಹಿರಸ. ಹೂ ಅರಳುವ ಮೊದಲೂ ಜೇನು ಅಲ್ಲಿಗೆ ಬರುತ್ತದೆ. ಗಾಳಿಯಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಮೆಕ್ಕೆಜೋಳದಲ್ಲಿ ಮಕರಂದವಿಲ್ಲ, ಆದರೂ ಪರಾಗಕ್ಕೆಂದು ಜೇನು ಬೆಳಗ್ಗೆ ಸೂಲಂಗಿಗೆ ಮುತ್ತುತ್ತದೆ.

ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ ಎಂಬುದು ಹಳೆಯ ಸಲಹೆ, ಸರಿಯಾದದ್ದೂ ಹೌದು. ಸೂರ್ಯಕಾಂತಿಯಲ್ಲಿ ಜೇನಿನ ಓಡಾಟ ಜೋರಾಗಿರುವುದು ಬೆಳಗ್ಗೆ ಎಂಟರಿಂದ ಹನ್ನೊಂದು. ಆದರೆ ಬೆನ್ನಿಗೆ ಪಂಪು ಕಟ್ಟಿಕೊಂಡ ಆಳು ಹೊಲಕ್ಕಿಳಿಯುವುದೂ ಆಗಲೇ. ಐದಕ್ಕೆ ಮನೆಗೆ ಹೊರಡುವವರನ್ನು ಆರಕ್ಕೆ ಬನ್ನಿ ಎಂದರೆ ಯಾರು ಬರುತ್ತಾರೆ? ಜೇನು ಸಾಯುವುದು ರೈತನ ಅಜ್ಞಾನಕ್ಕಿಂತ ಹೆಚ್ಚಾಗಿ ಕೂಲಿಯ ವೇಳೆಯಿಂದ ಎಂದೇ ನನ್ನ ಎಣಿಕೆ. ಸಂಜೆಯ ಕೆಲಸಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವ ಏರ್ಪಾಡಾದರೆ ಭಾಷಣಗಳಿಗಿಂತ ಅದು ಮೇಲು.

ಔಷಧಿಯ ಜಾತಿಯೂ ಮುಖ್ಯ. ಕೆಲವು ರಾತ್ರಿ ಕಳೆಯುವಷ್ಟರಲ್ಲಿ ಒಣಗಿ ಕಸುವು ಕಳೆದುಕೊಳ್ಳುತ್ತವೆ, ಕೆಲವು ದಿನಗಟ್ಟಲೆ ಉಳಿಯುತ್ತವೆ. ಪುಡಿರೂಪದ್ದು ಹೆಚ್ಚು ಕೆಟ್ಟದ್ದು: ಪರಾಗದೊಂದಿಗೆ ಗೂಡು ಸೇರಿ ಮರಿಹುಳುಗಳಿಗೂ ತಟ್ಟುತ್ತದೆ.

ಔಷಧಿ ಹೊಡೆಯುವುದನ್ನು ಹಿಂದಿನ ದಿನವೇ ಹೇಳಿದರೆ ಪೆಟ್ಟಿಗೆ ಇಟ್ಟವರು ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿ ಒಂದು ದಿನ ತಡೆದಿಡಬಹುದು. ನೀರಿನ ಟ್ಯಾಂಕಿನಡಿ, ಆಲದ ಕೊಂಬೆಯಲ್ಲಿ ಬಯಲಿಗೇ ಹುಟ್ಟು ಕಟ್ಟುವ ಹೆಜ್ಜೇನಿಗೆ ಬಾಗಿಲೆಲ್ಲಿ? ಮೇಲಾಗಿ ಅದು ಬೆಳದಿಂಗಳಿನಲ್ಲೂ ಹೂವಿಗೆ ಹೋಗುತ್ತದೆ. ಹಾಗಾಗಿ ಹುಣ್ಣಿಮೆಯ ಆಸುಪಾಸಿನಲ್ಲಿ ಸಂಜೆಯ ಸಿಂಪರಣೆಯನ್ನೂ ನಂಬುವಂತಿಲ್ಲ. ಸಿಂಪರಣೆಯನ್ನೇ ಕಡಿಮೆ ಮಾಡುವ ದಾರಿಯೂ ಇದೆ. ನೆಕ್ರೋಸಿಸ್ ನಂಜು ರೋಗದ ಗುರುತೇ ತೋರದೆ ಅಡಗಿರುವುದು ಬದುವಿನ ಪಾರ್ಥೇನಿಯಂ ಕಳೆಯಲ್ಲಿ. ಹೊಲಕ್ಕೆ ಹಾರಿಬರುವುದೂ ಅದರ ಪರಾಗದ ಮೇಲೆ. ಅದನ್ನು ಹೂ ಬಿಡುವ ಮೊದಲೇ ಕಿತ್ತರೆ ಔಷಧಿಯ ಒಂದು ಸರದಿಯಾದರೂ ತಪ್ಪಬಹುದು.