ನುಚ್ಚಲ್ಲ, ಬುರ್ಘುಲ್

ಲೆಬನಾನಿನ ‘ತಬ್ಬೂಲೆ’ಯನ್ನು ನಮ್ಮ ಕೋಸಂಬರಿಯ ದೂರದ ನೆಂಟ ಎನ್ನಬಹುದು. ಗೋಧಿ, ಸೊಪ್ಪು, ಟೊಮೆಟೊ, ನಿಂಬೆರಸ ಇಷ್ಟೇ ತಾನೆ ಎಂದುಕೊಂಡು, ಅಂಗಡಿಯ ಗೋಧಿ ನುಚ್ಚನ್ನು ನೆನೆಸಿ ನಾನೂ ಒಮ್ಮೆ ಮಾಡಿದ್ದೆ. ನುಚ್ಚು ಹಲ್ಲಿಗೆ ಮರಳಿನಂತೆ ಸಿಕ್ಕಿತು. ಮನೆಯವರು ಒಂದು ತುತ್ತಿಗೇ ತಟ್ಟೆ ಸರಿಸಿದರು.

ಲೆಬನಾನಿನವರು ಬಳಸುವುದು ‘ಬುರ್ಘುಲ್’. ಇಡೀ ಗೋಧಿಯನ್ನು ಮೊದಲು ಬೇಯಿಸಿ, ಒಣಗಿಸಿ, ಅನಂತರ ಒಡೆದದ್ದು. ನಮ್ಮ ನುಚ್ಚು ಹಸಿ ಗೋಧಿಯನ್ನೇ ಒಡೆದದ್ದು. ನೋಡಲು ಎರಡೂ ಒಂದೇ ತರಹ, ವ್ಯತ್ಯಾಸವಿರುವುದು ಪಿಷ್ಟದಲ್ಲಿ. ಹಸಿ ಗೋಧಿಯ ಪಿಷ್ಟದ ಕಣಗಳು ಬಿಗಿಯಾಗಿರುತ್ತವೆ, ತಣ್ಣೀರನ್ನು ಅಷ್ಟಾಗಿ ಹೀರುವುದಿಲ್ಲ. ನೀರಿನಲ್ಲಿ ಶಾಖ ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅವು ಉಬ್ಬಿ ಸಡಿಲಗೊಳ್ಳುತ್ತವೆ. ಹೀಗೆ ಒಮ್ಮೆ ಬೆಂದು ಒಣಗಿದ ಕಾಳು ಮುಂದೆ ನೆನೆದರೆ ಸಾಕು, ಮೆತ್ತಗಾಗುತ್ತದೆ. ಅವಲಕ್ಕಿಯನ್ನು ನೆನೆಸಿ ತಿನ್ನುತ್ತೇವೆ, ಅಕ್ಕಿಯನ್ನು ಹಾಗೆ ತಿನ್ನಲಾದೀತೆ?

ಬುರ್ಘುಲ್ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಿ. ಗೋಧಿಯನ್ನು ತೊಳೆದು, ಕಾಳು ಒಡೆಯದಂತೆ ಮೆತ್ತಗೆ ಬೇಯಿಸಿ, ನೀರು ಬಸಿಯಿರಿ. ತೆಳುವಾಗಿ ಹರಡಿ, ಕಾಳು ಕಟುಂ ಎನ್ನುವವರೆಗೆ ಎರಡು ಮೂರು ದಿನ ಬಿಸಿಲಿಗಿಡಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಅನಂತರ ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದು ಜರಡಿ ಹಿಡಿಯಿರಿ.

ನಾಲ್ಕು ಜನಕ್ಕೆ ಸಣ್ಣ ಬುರ್ಘುಲ್ ಮೂರು ದೊಡ್ಡ ಚಮಚ ಸಾಕು. ತಬ್ಬೂಲೆಯಲ್ಲಿ ಸೊಪ್ಪೇ ಮುಖ್ಯ. ಹೆಚ್ಚಿದ ಮೂರು ಟೊಮೆಟೊ ಮತ್ತು ಎರಡು ನಿಂಬೆಹಣ್ಣಿನ ರಸದಲ್ಲಿ ಅದನ್ನು ಅರ್ಧ ಗಂಟೆ ನೆನೆಯಲು ಬಿಡಿ. ಪಾರ್ಸ್ಲಿ ಸೊಪ್ಪು 200 ಗ್ರಾಂ, ಒಂದು ಹಿಡಿ ಪುದಿನ, ಎರಡು ಈರುಳ್ಳಿ ಹೂವು ಇವನ್ನು ತೊಳೆದು, ಪೂರ್ತಿ ಆರಿಸಿ, ಹರಿತವಾದ ಚಾಕುವಿನಿಂದ ಸಣ್ಣಗೆ ಹೆಚ್ಚಿ. ಒದ್ದೆ ಸೊಪ್ಪು ಹೆಚ್ಚಿದರೆ ಮುದ್ದೆಯಾಗುತ್ತದೆ. ಉಪ್ಪು, ಆಲಿವ್ ಎಣ್ಣೆ ಸೇರಿಸಿ ಕಲಸಿ, ಆಗಲೇ ಬಡಿಸಿ.

ಲೆಬನಾನಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ದೊಡ್ಡ ಹಂಡೆಗಳಲ್ಲಿ ಗೋಧಿ ಬೇಯಿಸಿ, ಮಾಳಿಗೆಯ ಮೇಲೆ ಒಣಗಿಸಿ, ಚಳಿಗಾಲಕ್ಕೆಂದು ಕೂಡಿಡುವುದು ರೂಢಿ. ಇಂಥ ದಾಸ್ತಾನಿಗೆ ಅವರು ‘ಮೂನೆ’ ಎನ್ನುತ್ತಾರೆ. 2020ರ ಆಗಸ್ಟ್ 4ರಂದು ಬೇರೂತ್ ಬಂದರಿನ ಸ್ಫೋಟದಲ್ಲಿ ದೇಶದ ಪ್ರಮುಖ ಧಾನ್ಯ ಕಣಜಗಳೇ ಹಾಳಾದವು. ಗೋಧಿಯನ್ನು ಬಹುಪಾಲು ಹೊರಗಿನಿಂದ ತರಿಸುವ ನಾಡಿನಲ್ಲಿ, ಮನೆಯ ಡಬ್ಬಿಯಲ್ಲಿರುವ ಬುರ್ಘುಲ್ ಬರಿಯ ರುಚಿಯ ಮಾತಲ್ಲ. ಸೌದೆ ಇಲ್ಲದ ದಿನವೂ ಅದು ಊಟವಾಗುತ್ತದೆ.