ಕೆಂಟ್: ಹೂದೋಟದಿಂದ ಬ್ರೂವರಿವರೆಗೆ ಹಾಪ್ಸ್ ದಾರಿ

ಲಂಡನ್ನಿನ ಆಗ್ನೇಯಕ್ಕಿರುವ ಕೆಂಟ್ ಕೌಂಟಿಯನ್ನು ‘ಇಂಗ್ಲೆಂಡಿನ ತೋಟ’ ಎಂದು ಕರೆಯುವುದು ಹಳೆಯ ರೂಢಿ. ಸೇಬು, ಚೆರ್ರಿಗಳಷ್ಟೇ ಈ ಹೆಸರನ್ನು ತಂದುಕೊಟ್ಟಿಲ್ಲ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಟ್ಟು, ಅದು ಬೇಗ ಕೆಡದಂತೆ ಕಾಯುವ ಹಾಪ್ಸ್ ಹೂವಿಗೂ ಅದರಲ್ಲಿ ಪಾಲಿದೆ. ಹೂದೋಟ ನೋಡುವವರು ಒಂದು ದಾರಿ, ಬ್ರೂವರಿ ಹುಡುಕುವವರು ಇನ್ನೊಂದು ದಾರಿ ಹಿಡಿಯುವುದು ಸಾಮಾನ್ಯ. ಕೆಂಟ್‌ನಲ್ಲಿ ಮಾತ್ರ ಇವೆರಡನ್ನು ಬೇರ್ಪಡಿಸಿದರೆ ನೋಟ ಅರ್ಧವೇ ಆಗುತ್ತದೆ.

ಇಂಗ್ಲೆಂಡಿನ ಹಳೆಯ ಬಗೆಯ ಬಿಯರಾದ ‘ಏಲ್’ಗೆ ಮೊದಲು ಹಾಪ್ಸ್ ಹಾಕುತ್ತಿರಲಿಲ್ಲ. ಈ ಬೆಳೆ ಸಮುದ್ರದಾಚೆಯ ಫ್ಲಾಂಡರ್ಸ್ ಕಡೆಯಿಂದ ಬಂದು 16ನೇ ಶತಮಾನದಲ್ಲಿ ಕೆಂಟ್‌ನಲ್ಲಿ ನೆಲೆಯೂರಿತು. ಹಾಪ್ಸ್ ಗಾಂಜಾ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ವಸಂತದಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ. ಎತ್ತರದ ಕಂಬಗಳ ನಡುವೆ ತಂತಿ ಎಳೆದು, ಅದರಿಂದ ತೆಂಗಿನ ನಾರಿನ ಹುರಿ ಇಳಿಬಿಟ್ಟರೆ, ಬಳ್ಳಿ ಪ್ರದಕ್ಷಿಣಾಕಾರವಾಗಿ ಸುತ್ತಿಕೊಂಡು ಐದಾರು ಮೀಟರ್ ಮೇಲೇರುತ್ತದೆ. ದೂರದಿಂದ ನೋಡಿದರೆ ನಮ್ಮ ವೀಳ್ಯದೆಲೆ ತೋಟದ ನೆನಪಾದೀತು. ಆದರೆ ಇಲ್ಲಿ ಎಲೆಗೆ ಬೆಲೆಯಿಲ್ಲ. ಬೇಕಾದದ್ದು ಹೆಣ್ಣು ಬಳ್ಳಿಯ ಹಸಿರು ಹೂಗೊಂಚಲು, ಅದರ ಪಕಳೆಗಳ ಬುಡದಲ್ಲಿರುವ ಲುಪುಲಿನ್ ಎಂಬ ಹಳದಿ ಪುಡಿ.

ಕೊಯ್ಲು ಸೆಪ್ಟೆಂಬರಿನಲ್ಲಿ. ಯಂತ್ರಗಳು ಬರುವ ಮೊದಲು ಈ ಕೆಲಸಕ್ಕೆ ಲಂಡನ್ನಿನ ಈಸ್ಟ್ ಎಂಡ್‌ನ ಬಡ ಕುಟುಂಬಗಳು ಮಕ್ಕಳುಮರಿಯೊಂದಿಗೆ ಬಂದು ವಾರಗಟ್ಟಲೆ ಗುಡಿಸಲುಗಳಲ್ಲಿ ಬಿಡಾರ ಹೂಡುತ್ತಿದ್ದವು. ಕೂಲಿ ಕಡಿಮೆ, ಆದರೂ ಹಲವರಿಗೆ ಇದೇ ವರ್ಷದ ಏಕೈಕ ರಜೆ. 1931ರಲ್ಲಿ ಲೇಖಕ ಜಾರ್ಜ್ ಆರ್ವೆಲ್ ಕೂಡ ಇಲ್ಲಿ ಹಾಪ್ಸ್ ಬಿಡಿಸಿ, ಆ ಅನುಭವವನ್ನು ಬರೆದಿಟ್ಟರು. ಬಿಡಿಸಿದ ಹೂವನ್ನು ಒಣಗಿಸಲು ಕಟ್ಟಿದವು ‘ಓಸ್ಟ್’ ಮನೆಗಳು: ದುಂಡನೆಯ ಇಟ್ಟಿಗೆ ಗೋಡೆ, ಶಂಕುವಿನಾಕಾರದ ಮಾಡು, ತುದಿಯಲ್ಲಿ ಬಿಳಿ ಬಣ್ಣದ ಮರದ ಟೊಪ್ಪಿಗೆ. ಆ ಟೊಪ್ಪಿಗೆ ಗಾಳಿಗೆ ಬೆನ್ನು ಮಾಡಿ ತಿರುಗುವುದರಿಂದ ಒಳಗಿನ ಬಿಸಿಗಾಳಿ ಸರಾಗವಾಗಿ ಹೊರಬೀಳುತ್ತದೆ. ಲಾಗರ್ ಬಿಯರಿನ ಕಡೆಗೆ ಜನರ ಒಲವು ತಿರುಗಿ, ಆಮದು ಹಾಗೂ ಬಳ್ಳಿಗೆ ತಗುಲುವ ಸೊರಗು ರೋಗವೂ ಸೇರಿಕೊಂಡು 20ನೇ ಶತಮಾನದಲ್ಲಿ ಬೆಳೆ ಕುಗ್ಗಿತು. ಓಸ್ಟ್‌ಗಳಲ್ಲಿ ಹೆಚ್ಚಿನವು ಈಗ ದುಬಾರಿ ವಾಸದ ಮನೆಗಳು.

ಬಳ್ಳಿ, ಹೂದೋಟ, ಬಿಯರ್ ಮೂರೂ ಒಂದೇ ಕಡೆ ಕೂಡಿರುವುದು ಲ್ಯಾಂಬರ್‌ಹರ್ಸ್ಟ್ ಬಳಿಯ ಸ್ಕಾಟ್ನಿ ಕ್ಯಾಸಲ್‌ನಲ್ಲಿ. 14ನೇ ಶತಮಾನದ, ಕಂದಕ ಸುತ್ತಿದ ಹಳೆಯ ಕೋಟೆಮನೆ ಕಣಿವೆಯಲ್ಲಿದೆ. 19ನೇ ಶತಮಾನದಲ್ಲಿ ಅದರ ಒಡೆಯ ಎಡ್ವರ್ಡ್ ಹಸ್ಸಿ ಗುಡ್ಡದ ಮೇಲೆ ಹೊಸ ಬಂಗಲೆ ಕಟ್ಟಿಸಿ, ಮೇಲಿನಿಂದ ನೋಡಲು ಚೆಂದವೆಂದು ಹಳೆಯದನ್ನು ಅರೆಪಾಳಾಗಿ ಉಳಿಸಿದ. ಹಣವಂತರ ಇಂಥ ಹುಚ್ಚಿನಿಂದ ಒಮ್ಮೊಮ್ಮೆ ಒಳ್ಳೆಯದೂ ಆಗುತ್ತದೆ. ಬಂಗಲೆಗೆ ಕಲ್ಲು ತೆಗೆದ ಕ್ವಾರಿಯೇ ತೋಟದ ಭಾಗವಾಯಿತು. ಮೇ ತಿಂಗಳಲ್ಲಿ ಇಳಿಜಾರಿನ ತುಂಬ ಅಜೇಲಿಯ, ರೋಡೊಡೆಂಡ್ರಾನ್ ಅರಳುತ್ತವೆ. ಈಗ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್‌ನ ಒಡೆತನದಲ್ಲಿರುವ ಈ ಎಸ್ಟೇಟಿನಲ್ಲಿ ಹಾಪ್ಸ್ ಜಮೀನೂ ಇದ್ದು, ಅದರ ಬೆಳೆಯಿಂದ ವೆಸ್ಟರ್‌ಹ್ಯಾಮ್ ಎಂಬ ಸಣ್ಣ ಬ್ರೂವರಿ ‘ಲಿಟಲ್ ಸ್ಕಾಟ್ನಿ’ ಹೆಸರಿನ ಏಲ್ ತಯಾರಿಸಿದೆ.

ಪೂರ್ವಕ್ಕೆ ಅರ್ಧ ಗಂಟೆಯಷ್ಟು ದಾರಿ ಸಾಗಿದರೆ ಸಿಸ್ಸಿಂಗ್‌ಹರ್ಸ್ಟ್. ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಪತಿ ಹೆರಾಲ್ಡ್ ನಿಕೊಲ್ಸನ್ 1930ರಲ್ಲಿ ಕೊಂಡಾಗ ಇದು ಪಾಳುಬಿದ್ದ ಜಾಗ. ಗೆರೆ, ಗೋಡೆ, ದಾರಿಗಳ ಲೆಕ್ಕಾಚಾರ ಆತನದು. ಗಿಡಗಳ ಧಾರಾಳತನ ಆಕೆಯದು. ಬಿಳಿ, ಹಸಿರು, ಬೆಳ್ಳಿ ಬಣ್ಣಗಳಷ್ಟೇ ಇರುವ ಇಲ್ಲಿನ ಬಿಳಿ ತೋಟವನ್ನು ಲೋಕದ ಹಲವೆಡೆ ಅನುಕರಿಸಿದ್ದಾರೆ. 1938ರಿಂದಲೇ ಒಂದು ಶಿಲ್ಲಿಂಗ್ ಕೊಟ್ಟವರಿಗೆ ಒಳಗೆ ಪ್ರವೇಶವಿತ್ತು. ಜನ ಕೋಣೆ ಕೋಣೆಯಂಥ ಈ ತೋಟದಲ್ಲೇ ಮೈಮರೆತು ಹೊರಗಿನ ಓಸ್ಟ್ ಮನೆಯನ್ನು ಗಮನಿಸದೆ ಹೋಗುತ್ತಾರೆ. ಎಸ್ಟೇಟಿನ ಹಳೆಯ ಕೃಷಿಗೆ ಅದೂ ಒಂದು ಸಾಕ್ಷಿ.

ಅಲ್ಲಿಂದ ಈಶಾನ್ಯಕ್ಕೆ ಸುಮಾರು ಒಂದು ಗಂಟೆಯ ದೂರದಲ್ಲಿ ಫ್ಯಾವರ್‌ಶಮ್ ಪಟ್ಟಣ. ಇಲ್ಲಿನ ಶೆಫರ್ಡ್ ನೀಮ್, ಬ್ರಿಟನ್ನಿನ ಅತಿ ಹಳೆಯ ಬ್ರೂವರಿ ಎಂದು ಹೇಳಿಕೊಳ್ಳುತ್ತದೆ. ಅದು ಕೊಡುವ ಸ್ಥಾಪನಾ ವರ್ಷ 1698. ಸುಣ್ಣಶಿಲೆಯ ಪದರದೊಳಗಿನ ಬಾವಿನೀರು, ಮಾಲ್ಟ್, ಕೆಂಟ್‌ನ ಹಾಪ್ಸ್ ಇದರ ಏಲ್‌ಗಳ ಬಂಡವಾಳ. ಎರಡನೇ ಮಹಾಯುದ್ಧದ ವಾಯುಸಮರ ಬ್ಯಾಟಲ್ ಆಫ್ ಬ್ರಿಟನ್‌ನ 50ನೇ ವರ್ಷದ ನೆನಪಿಗೆ 1990ರಲ್ಲಿ ಬಂದ, ಆ ಕಾಲದ ಯುದ್ಧವಿಮಾನದ ಹೆಸರು ಹೊತ್ತ ಏಲ್ ‘ಸ್ಪಿಟ್‌ಫೈರ್’ ಹೆಸರುವಾಸಿ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಕಿಂಗ್‌ಫಿಷರ್ ಕೂಡ ಬ್ರಿಟನ್ನಿನ ಮಾರುಕಟ್ಟೆಗಾಗಿ ಹಲವು ವರ್ಷ ಲೈಸೆನ್ಸ್ ಪಡೆದ ಇದೇ ಬ್ರೂವರಿಯಲ್ಲಿ ತಯಾರಾಗುತ್ತಿತ್ತು. ಲಂಡನ್ನಿನ ಇಂಡಿಯನ್ ರೆಸ್ಟೋರೆಂಟಿನಲ್ಲಿ ಊರಿನ ಬಿಯರ್ ಸಿಕ್ಕಿತೆಂದು ಆಗ ಹಿಗ್ಗಿದವರ ಲೋಟದಲ್ಲಿದ್ದದ್ದು ಕೆಂಟ್‌ನ ನೀರು.

ಪಟ್ಟಣದ ಅಂಚಿನಲ್ಲೇ ಬ್ರಾಗ್‌ಡೇಲ್. ಬ್ರಿಟನ್ನಿನ ರಾಷ್ಟ್ರೀಯ ಹಣ್ಣಿನ ಸಂಗ್ರಹ 1950ರ ದಶಕದಿಂದ ಇಲ್ಲಿದೆ. ಸೇಬೊಂದರಲ್ಲೇ 2,000ಕ್ಕೂ ಹೆಚ್ಚು ತಳಿಗಳು. ಒಂದೊಂದಕ್ಕೂ ಎರಡೆರಡು ಮರ, ಒಂದು ಸತ್ತರೆ ಇನ್ನೊಂದಿರಲಿ ಎಂದು. ಅಲಂಕಾರದ ಗೊಡವೆಯಿಲ್ಲದ ಈ ಸಾಲುಮರಗಳು ಏಪ್ರಿಲ್, ಮೇ ತಿಂಗಳ ಹೂವಿನ ಕಾಲದಲ್ಲಿ ಯಾವ ಉದ್ಯಾನಕ್ಕೂ ಕಡಿಮೆಯಿಲ್ಲ.

ಹೂವು ಬೇಕೆನ್ನುವವರಿಗೆ ವಸಂತ, ಹಾಪ್ಸ್ ಕೊಯ್ಲಿಗೆ ಸೆಪ್ಟೆಂಬರಿನ ಮೊದಲ ವಾರಗಳು. ಫ್ಯಾವರ್‌ಶಮ್‌ನ ಹಾಪ್ ಹಬ್ಬವೂ ಆ ಹೊತ್ತಿನದೇ. ಸ್ಕಾಟ್ನಿ, ಸಿಸ್ಸಿಂಗ್‌ಹರ್ಸ್ಟ್‌ಗಳಿಗೆ ಕಾರೇ ಅನುಕೂಲ. ಕಾರು ಓಡಿಸುವವರು ಬ್ರೂವರಿಯಲ್ಲಿ ಬಾಟಲಿ ಕೊಂಡು ಡಿಕ್ಕಿಯಲ್ಲಿಟ್ಟು ತೃಪ್ತಿಪಡಬೇಕಾಗುತ್ತದೆ. ಅಲ್ಲೇ ರುಚಿ ನೋಡುವ ಆಸೆಯಿದ್ದರೆ ಫ್ಯಾವರ್‌ಶಮ್‌ಗೆ ಬೇರೊಂದು ದಿನ ಮೀಸಲಿಡಬಹುದು: ಲಂಡನ್ನಿನಿಂದ ನೇರ ರೈಲಿದೆ, ನಿಲ್ದಾಣದಿಂದ ಬ್ರೂವರಿಗೆ ನಡೆದೇ ಹೋಗಬಹುದು.