ಪೋಪನನ್ನು ತೊರೆದ ಸನ್ಯಾಸಿ

ಇಟಲಿಯ ಸ್ವಾತಂತ್ರ್ಯಸಮರವೆಂದೊಡನೆ ಮ್ಯಾಝಿನಿ, ಗ್ಯಾರಿಬಾಲ್ಡಿ ಇವರ ಹೆಸರುಗಳು ವಾಚಕರ ನೆನಪಿಗೆ ಬರುವುವು. ಅದೇ ಸಮರದಲ್ಲಿ ಸೈನಿಕರ ಪುರೋಹಿತನಾಗಿ ದುಡಿದ ಅಲೆಸಾಂದ್ರೊ ಗವಾತ್ಸಿಯನ್ನು ಬಲ್ಲವರು ವಿರಳ. 1809ರಲ್ಲಿ ಬೊಲೋನ್ಯಾ ನಗರದಲ್ಲಿ ಜನಿಸಿದ ಈತನು ಹದಿಹರೆಯದಲ್ಲಿಯೇ ಬಾರ್ನಬೈಟರೆಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಂಘವನ್ನು ಸೇರಿದನು. ನೇಪಲ್ಸಿನಲ್ಲಿ ವಾಕ್‌ಕಲೆಯ ಅಧ್ಯಾಪಕನೂ ಆದನು.

1846ರಲ್ಲಿ ಪೀಠವನ್ನೇರಿದ ಪೋಪ್ 9ನೆಯ ಪಯಸನು ರಾಜಕೀಯ ಕೈದಿಗಳನ್ನು ಬಿಡುಗಡೆ ಮಾಡಿದಾಗ, ದೇಶದ ಉದ್ಧಾರವು ಗುರುಪೀಠದಿಂದಲೇ ಆಗುವುದೆಂದು ನಂಬಿದವರಲ್ಲಿ ಗವಾತ್ಸಿಯೂ ಒಬ್ಬನು. 1848ರಲ್ಲಿ, ಆಸ್ಟ್ರಿಯದ ವಿರುದ್ಧ ಹೊರಟ ಸ್ವಯಂಸೇವಕರ ದಂಡಿಗೆ ಪುರೋಹಿತನಾಗಿ ಪೋಪನ ಸಮ್ಮತಿಯಿಂದಲೇ ತೆರಳಿದನು. ಆದರೆ ಏಪ್ರಿಲ್ 29ರಂದು ಪೋಪನು, ತಾನು ಆಸ್ಟ್ರಿಯದೊಡನೆ ಯುದ್ಧ ಮಾಡಲಾರೆನೆಂದು ಸಾರಿಬಿಟ್ಟನು. ರಣಾಂಗಣದ ಹಾದಿ ಹಿಡಿದಿದ್ದ ಸನ್ಯಾಸಿಗೆ ಇದಕ್ಕಿಂತ ದೊಡ್ಡ ಆಘಾತವು ಬೇಕಿತ್ತೆ? ಮರುವರ್ಷ ರೋಮಿನಲ್ಲಿ ಪ್ರಜಾರಾಜ್ಯವು ಸ್ಥಾಪಿತವಾದಾಗ ಈತನು ಗಾಯಾಳುಗಳ ಶುಶ್ರೂಷೆಗೆ ನಿಂತನು. ಪೋಪನ ಪರವಾಗಿ ಬಂದ ಫ್ರೆಂಚ್ ಸೇನೆಯು ಆ ರಾಜ್ಯವನ್ನು ಮುರಿಯಿತು. ಗವಾತ್ಸಿಯು ಇಂಗ್ಲೆಂಡಿಗೆ ತಲೆಮರೆಸಿಕೊಂಡು ಹೋದನು.

ಪ್ರಾಟೆಸ್ಟಂಟ್ ಬೋಧಕನಾಗಿ ಈತನು ಹೆಸರಾದದ್ದು ಈ ದೇಶಭ್ರಷ್ಟತೆಯಲ್ಲಿಯೇ. ಧರ್ಮಗ್ರಂಥದ ವಿಚಾರಕ್ಕಿಂತ ಮುಂಚೆ ದೇಶದ ನೋವೇ ಈತನನ್ನು ಪೀಠದಿಂದ ದೂರಮಾಡಿತೆಂದು ನಮಗೆ ತೋರುತ್ತದೆ. 1850ರಲ್ಲಿ ಪೋಪನು ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಪೀಠಗಳನ್ನು ಪುನಃ ಸ್ಥಾಪಿಸಿದ್ದನಷ್ಟೆ. ಅದರಿಂದ ಕುಪಿತರಾದ ಜನರಿಗೆ ಪೋಪನ ಖಂಡನೆಯು ಬಹಳ ರುಚಿಸಿತು. ಇಟಲಿಯ ದಾಸ್ಯದ ಮಾತು ಎಷ್ಟು ಜನರ ಕಿವಿಗೆ ಬಿದ್ದಿತೋ!

ಖಂಡನೆಯ ಬೆಲೆಯು 1853ರ ಜೂನ್ ತಿಂಗಳಲ್ಲಿ ಕೆನಡಾದಲ್ಲಿ ತಿಳಿದುಬಂದಿತು. ಕ್ವಿಬೆಕ್ ನಗರದಲ್ಲಿ ವಿರೋಧಿಗಳು ಸಭೆಗೆ ನುಗ್ಗಿ ಈತನ ಮೇಲೆಯೇ ಬಿದ್ದರು. ಮೂರು ದಿನಗಳ ತರುವಾಯ, 9ನೆಯ ತಾರೀಖು, ಮಾಂಟ್ರಿಯಲಿನ ಜಯನ್ ದೇವಾಲಯದಲ್ಲಿ ಉಪನ್ಯಾಸ, ಹೊರಗೆ ಗಲಭೆ, ಸೈನಿಕರ ಗುಂಡಿಗೆ ಸುಮಾರು 10 ಮಂದಿ ಬಲಿಯಾದರು. ಗುಂಡು ಹಾರಿಸಿದವನು ಗವಾತ್ಸಿಯಲ್ಲ, ನಿಜ. ಆದರೂ ಒಂದು ಊರಿನಲ್ಲಿ ಹೊತ್ತಿದ ಕಿಡಿಯನ್ನು ಕಂಡಮೇಲೂ ಇನ್ನೊಂದು ಊರಿನ ವೇದಿಕೆಯನ್ನೇರಿದ ವಾಗ್ಮಿಯನ್ನು ಪೂರ್ಣ ನಿರ್ದೋಷಿಯೆನ್ನಲು ನಮ್ಮ ಮನಸ್ಸು ಒಪ್ಪದು.

1860ರಲ್ಲಿ ಗ್ಯಾರಿಬಾಲ್ಡಿಯ ಸೈನ್ಯದೊಡನೆ ಪುನಃ ದುಡಿದ ಗವಾತ್ಸಿಯು, ಆಮೇಲೆ ಇಟಲಿಯವರದೇ ಆದ ಸ್ವತಂತ್ರ ಪ್ರಾಟೆಸ್ಟಂಟ್ ಸಭೆಯೊಂದನ್ನು ಕಟ್ಟಲು ಹೆಣಗಿದನು. 1875ರಲ್ಲಿ ರೋಮಿನಲ್ಲಿಯೇ ಅದರ ದೈವಶಾಸ್ತ್ರದ ವಿದ್ಯಾಲಯವು ಆರಂಭವಾಯಿತು. ಆದರೆ ದೇಶಕ್ಕಾಗಿ ಈತನ ಮಾತು ಕೇಳಿ ಚೌಕಗಳನ್ನು ತುಂಬಿದ್ದ ಜನರು ಈತನ ಮತವನ್ನು ಹಿಡಿಯಲಿಲ್ಲ. ಅಲ್ಲಿನ ಹಳೆಯ ಪ್ರಾಟೆಸ್ಟಂಟರಾದ ವಾಲ್ಡೆನ್ಸಿಯನರೊಡನೆ ಐಕ್ಯವೂ ಕೈಗೂಡಲಿಲ್ಲ. 1889ರ ಜನವರಿಯಲ್ಲಿ ಗವಾತ್ಸಿಯು ರೋಮಿನಲ್ಲಿ ತೀರಿಕೊಂಡನು. ಆತನ ಸಭೆಯು ಮುಂದಿನ ಶತಮಾನದ ಆದಿಯಲ್ಲಿ ಮೆಥಡಿಸ್ಟರಲ್ಲಿ ಲೀನವಾಯಿತು.